ಎಲೆಯ ಮೇಲಿನ ಕೈ

ಪಂಕ್ತಿಯಲ್ಲಿ ಊಟಕ್ಕೆ ಕೂತವರು ಬಡಿಸುವವರನ್ನು ತಡೆಯಲು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರಲ್ಲ, ಆ ಕೈಯನ್ನು ನೀವು ಎಂದಾದರೂ ಸರಿಯಾಗಿ ನೋಡಿದ್ದೀರಾ? ನಾನು ನೋಡಿದ್ದೇನೆ. ಬಾಯಿ ‘ಸಾಕು, ಸಾಕು’ ಎಂದು ಕೂಗುತ್ತಿದ್ದರೂ ಬೆರಳುಗಳು ಮಾತ್ರ ಒಂದರ ಮೇಲೊಂದು ಮುನಿಸಿಕೊಂಡ ವಾರಗಿತ್ತಿಯರ ಹಾಗೆ ದೂರ ದೂರ ನಿಂತಿರುತ್ತವೆ. ಆ ಸಂದಿನಿಂದ ತುಪ್ಪ ಸಲೀಸಾಗಿ ಇಳಿದು ಹೋಳಿಗೆಯನ್ನು ಸೇರುತ್ತದೆ. ನಿಜವಾಗಿ ಬೇಡವೆನ್ನುವವನ ಬೆರಳುಗಳು ಗಚ್ಚು ಹಾಕಿದಂತೆ ಕೂಡಿರುತ್ತವೆ. ಅಂಥ ಕೈ ನಮ್ಮ ಹುಬ್ಬಳ್ಳಿಯ ಪಂಕ್ತಿಗಳಲ್ಲಿ ಬಲು ಅಪರೂಪ. ನಾನು ಕಲಿತದ್ದು ಕನ್ನಡ ಸಾಲೆಯ ಮೂರನೆಯ ಇಯತ್ತೆಯವರೆಗೆ; ಆದರೆ ಬೆರಳು ಓದುವ ಈ ಶಾಸ್ತ್ರದಲ್ಲಿ ನನ್ನ ಪಾಂಡಿತ್ಯವನ್ನು ಧಾರವಾಡದ ಪ್ರೊಫೆಸರರೂ ಪ್ರಶ್ನಿಸಲಾರರು.

ಈ ವಿದ್ಯೆ ನನಗೆ ಒಲಿದದ್ದು ನಮ್ಮ ಮನೆಯವರ ದೆಸೆಯಿಂದ. ಹಳೇ ಹುಬ್ಬಳ್ಳಿಯಲ್ಲಿ ಅವರದು ಹತ್ತಿ, ಕಾಳುಕಡಿಗಳ ವ್ಯಾಪಾರ. ನಾನು ಮದುವೆಯಾಗಿ ಬಂದಾಗ ಅವರು ಹತ್ತಿಯ ಗಾಡಿಯ ಹಿಂದೆ ಗಬ್ಬೂರಿನ ಕಡೆಯಿಂದ ನಡೆದೇ ಬರುತ್ತಿದ್ದ ಒಣಕಲು ತರುಣ. ಬುತ್ತಿಯಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಗುದ್ದಿ ಒಡೆದ ಉಳ್ಳಾಗಡ್ಡಿ. ಆಮೇಲೆ ಅಂಗಡಿಯಾಯಿತು, ಅಂಗಡಿಗೆ ಗಾದಿ ಬಂತು, ಗಾದಿಗೆ ಲೋಡು ಬಂತು, ಲೋಡಿಗೆ ಜೋಡಿಯಾಗಿ ಒಂದು ಹೊಟ್ಟೆಯೂ ಬಂತು. ಬಂದ ಗಿರಾಕಿಗೆ ಚಹಾ ಕೊಡದಿದ್ದರೆ ಅಪಮಾನ. ಕೊಟ್ಟು ತಾವು ಜೊತೆಗೆ ಕುಡಿಯದಿದ್ದರೆ ಇನ್ನೂ ದೊಡ್ಡ ಅಪಮಾನ. ಗಿರಾಕಿಗಳು ಹೆಚ್ಚಾದಷ್ಟೂ ಇವರ ಹೊಟ್ಟೆಗೆ ಹೋಗುವ ಸಕ್ಕರೆಯೂ ಹೆಚ್ಚಾಯಿತು.

ಮನೆಯೊಳಕ್ಕೆ ಐಶ್ವರ್ಯ ಬಂದದ್ದು ಅಡಿಗೆಮನೆಯ ಬಾಗಿಲಿನಿಂದ. ರೊಟ್ಟಿ ಆಳುಮಕ್ಕಳ ಊಟವೆನಿಸಿತು. ನಾವು ಮಲ್ಲಿಗೆಯಂಥ ಬಿಳಿಯ ಅನ್ನ ಉಂಡು, ಮಧ್ಯಾಹ್ನ ನಿದ್ದೆ ಹೊಡೆದು, ಎದ್ದು ಫರಾಳ ತಿನ್ನುವ ಜನವಾದೆವು. ಕೂಗಿದರೆ ಕೇಳುವಷ್ಟು ಹತ್ತಿರದ ಗುಡಿಗೂ ಟಾಂಗಾ ಬೇಕು. ನಾನೇನು ಕಡಿಮೆಯೇ? ಓಣಿಗೆ ಹಿಟ್ಟಿನ ಗಿರಣಿ ಬಂದ ದಿನವೇ ಬೀಸುವ ಕಲ್ಲಿಗೆ ನಿವೃತ್ತಿ ಕೊಟ್ಟೆ. ಪರಿಣಾಮವಾಗಿ, ನನ್ನ ಕೈಗೆ ಬಳೆ ಏರಿಸುವಾಗ ಬಳೆಗಾರ ಕೆಸರಿನಲ್ಲಿ ಹೂತ ಗಾಡಿಯನ್ನು ಎತ್ತುವವನ ಹಾಗೆ ಬೆವರುತ್ತಿದ್ದ.

ಸುಖ ಹೀಗೆ ಸೊಂಟದ ಸುತ್ತ ಶೇಖರವಾಗುತ್ತಿದ್ದಾಗ ಇವರಿಗೆ ನೀರಡಿಕೆ ಶುರುವಾಯಿತು. ಕುಡಿದರು, ಮತ್ತೆ ಕುಡಿದರು, ಕುಡಿದದ್ದನ್ನು ಬಿಡಲು ಹಿತ್ತಿಲಿಗೆ ಓಡಾಡಿದರು. ಅಂಗಡಿ ಹಾಕಿದ ಮೇಲೆ ಅವರು ಅಷ್ಟು ನಡೆದದ್ದು ಅದೇ ಮೊದಲು. ಹೊಸ ಚಪ್ಪಲಿ ಕಚ್ಚಿ ಎಡಗಾಲಿನ ಹೆಬ್ಬೆರಳಿಗಾದ ಗಾಯ ತಿಂಗಳು ಕಳೆದರೂ ಮಾಯಲಿಲ್ಲ. ಓಣಿಯ ಡಾಕ್ಟರು ಗಾಜಿನ ನಳಿಗೆಯಲ್ಲಿ ನೀಲಿ ನೀರು ಹಾಕಿ, ಅದರೊಳಗೆ ಇವರ ಉಚ್ಚೆಯ ಕೆಲವು ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದರು. ನೋಡನೋಡುತ್ತಿದ್ದಂತೆ ನೀಲಿ ಹಸಿರಾಗಿ, ಹಸಿರು ಹಳದಿಯಾಗಿ, ಕಡೆಗೆ ಇಳಕಲ್ ಸೀರೆಯ ಸೆರಗಿನಂತೆ ಕೆಂಪಾಯಿತು. ನನಗೆ ಚೆಂದವೇ ಕಂಡಿತು. ಡಾಕ್ಟರ ಮುಖ ನೋಡಿದ ಮೇಲೆ ಚೆಂದದ ಮಾತಲ್ಲವೆಂದು ತಿಳಿಯಿತು.

“ಸಾವುಕಾರ್ರ, ಸಕ್ರಿ ರೋಗ ಐತ್ರಿ. ಇನ್ನ ಬಾಯಿ ಕಟ್ಟಬೇಕು, ಕಾಲು ಬಿಚ್ಚಬೇಕು. ಈ ಗಾಯ ಹಿಂಗ ಬಿಟ್ರ ಬೆರಳ ತಗೀಬೇಕಾಗತೈತಿ.”

“ನಮ್ಮ ಮನಿತನದಾಗ ಯಾರಿಗೂ ಇಲ್ರಿ. ನನಗ ಎಲ್ಲಿಂದ ಬಂತು?”

“ಕೆಲವರಿಗೆ ರಕ್ತದಾಗ ಬರತೈತಿ, ಕೆಲವರು ತಾವ ಕರಕೊಂಡ ಬರ್ತಾರ. ನಿಮ್ಮ ಮನಿತನದಾಗ ನಿಮ್ಮಂಗ ಕುಂತು ಉಂಡಾವ್ರು ಯಾರಿದ್ರು ಹೇಳ್ರಿ?”

ಡಾಕ್ಟರು ಗುಳಿಗೆ ಕೊಟ್ಟರು, ಪಥ್ಯ ಹೇಳಿದರು. ಆದರೆ ಹುಟ್ಟು ವ್ಯಾಪಾರಿಗೆ ಪಥ್ಯವೂ ಒಂದು ವ್ಯಾಪಾರವೇ. ಇವರು ಬೆಳಗ್ಗೆ ಎದ್ದು ಮೂಗು ಹಿಡಿದು ಒಂದು ಲೋಟ ಹಾಗಲಕಾಯಿಯ ರಸ ಕುಡಿಯುವರು. ಕುಡಿದು, ಪ್ರಶಾಂತ ಮನಸ್ಸಿನಿಂದ ಧಾರವಾಡದ ಪೇಢೆಯ ಪೊಟ್ಟಣ ಬಿಚ್ಚುವರು. ಕೇಳಿದರೆ, “ಕಹಿ ಎಷ್ಟ ಒಳಗ ಹೋತು, ಸಿಹಿನೂ ಅಷ್ಟ ಹೋದ್ರ ಬರಾಬರಿ ಆತಲ್ಲ!” ಎನ್ನುವರು. ಚಹಾಕ್ಕೆ ಸಕ್ಕರೆಯ ಬದಲು ಬೆಲ್ಲ ಹಾಕಿಸಿಕೊಂಡು ಅದನ್ನೂ ಪಥ್ಯವೆಂದೇ ಕರೆದರು. ಪಾಪ, ಹೊಟ್ಟೆಯನ್ನು ತಕ್ಕಡಿಯೆಂದು ತಿಳಿದಿದ್ದರು. ನೀಲಿ ನೀರಿಗೆ ಈ ತೂಕ ಒಪ್ಪಿಗೆಯಾಗಲಿಲ್ಲ. ಅದು ಮೊದಲಿಗಿಂತ ಕೆಂಪಗೆ ತಿರುಗಿ ತನ್ನ ಅಭಿಪ್ರಾಯ ತಿಳಿಸಿತು.

ಆಗ ಕಾರಭಾರ ನನ್ನ ಕೈಗೆ ಬಂತು. ಪೇಢೆಯ ಪೊಟ್ಟಣ ನೆರೆಮನೆಗೆ ಹೋಯಿತು, ಟಾಂಗಾದವನಿಗೆ ಬೇರೆ ಗಿರಾಕಿ ನೋಡಿಕೊಳ್ಳಲು ಹೇಳಿದೆ, ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆ ಅಟ್ಟದಿಂದ ಕೆಳಗಿಳಿಯಿತು. ಅವರೊಬ್ಬರಿಗೇ ಬೇರೆ ಅಡಿಗೆ ಮಾಡುವಷ್ಟು ಪತಿಭಕ್ತಿ ನನಗಿರಲಿಲ್ಲ; ಆದ್ದರಿಂದ ಮನೆಮಂದಿಗೆಲ್ಲ ರೊಟ್ಟಿ, ಮೆಂತೆಪಲ್ಯ, ಕಾಳು, ಮಜ್ಜಿಗೆ. ಅನ್ನ ಕಡೆಗೆ, ಅದೂ ಮುಷ್ಟಿಯಷ್ಟು. ಗಾಯಕ್ಕೆ ಪಟ್ಟಿ ಕಟ್ಟಿ, ಮೆತ್ತಗಿನ ಸಡಿಲ ಚಪ್ಪಲಿ ಹಾಕಿಸಿ, ಡಾಕ್ಟರು ಒಪ್ಪಿದಷ್ಟೇ ದೂರ ಗಬ್ಬೂರಿನ ಹಾದಿಯಲ್ಲಿ ನಡೆಸತೊಡಗಿದೆ, ಹಿಂದೆ ನಾನೂ. ಹೊರಟಾಗ ಬೈಯುತ್ತಿದ್ದರು, ತಿರುಗಿ ಬರುವಾಗ ಹಸಿವೆಂದು ಬೈಯುತ್ತಿದ್ದರು. ಬೈಗುಳ ನಿಲ್ಲಲಿಲ್ಲ, ನಡಿಗೆಯೂ ನಿಲ್ಲಲಿಲ್ಲ. ನಳಿಗೆಯ ನೀರು ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಹಿಂದಿರುಗಿತು. ಬೆರಳಿನ ಗಾಯ ಅಂಚಿನಿಂದ ಕೂಡತೊಡಗಿತು.

ಅಷ್ಟರಲ್ಲಿ ನಮ್ಮ ಕಿರಿಯ ಮಗಳು ನೀಲವ್ವನಿಗೆ ಧಾರವಾಡದ ಕಾಳಿನ ವ್ಯಾಪಾರಿಗಳ ಮನೆಯ ಗಂಡು ಗೊತ್ತಾಯಿತು. ಇವರು ನನ್ನನ್ನು ದೇವರ ಮುಂದೆ ಕೂಡಿಸಿ ಆಣೆ ಹಾಕಿಸಿದರು. “ನೋಡು, ಬೀಗರ ಕಿವಿಗೆ ಈ ರೋಗದ ಸುದ್ದಿ ಬೀಳಬಾರದು. ಅಪ್ಪಗ ಐತಿ ಅಂದ್ರ ಮಗಳಿಗೂ ಐತಿ ಅಂತಾರ. ಮುಂದ ಅಕಿ ಆ ಮನ್ಯಾಗ ತಲಿ ಎತ್ತಿ ಬಾಳೂದ ಹೆಂಗ?” ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾಯಮಾನವಲ್ಲ, ಮಗಳಿಗಾಗಿ ಒಪ್ಪಿದೆ. ಡಾಕ್ಟರು ಮಾತ್ರ ನನ್ನನ್ನು ಬದಿಗೆ ಕರೆದು, “ಅವ್ವಾರ, ಗಾಯ ಈಗರ ಕೂಡಾಕತ್ತೈತಿ. ಮದುವಿ ಅಂತ ನಾಲ್ಕು ದಿನ ಹೋಳಿಗಿ ಹೊಡದ್ರ ಬೆರಳಿನ ಆಸೆ ಬಿಡ್ರಿ,” ಎಂದಿದ್ದರು.

ಅಕ್ಕಿಕಾಳು ಬಿತ್ತು, ಮದುವೆ ಮುಗಿಯಿತು, ಬೀಗರ ಪಂಕ್ತಿ ಕೂತಿತು. ನಮ್ಮಲ್ಲಿ ಬೀಗರು ಒಬ್ಬರ ಬಾಯಿಗೊಬ್ಬರು ಸಿಹಿ ಇಡುವ ಪದ್ಧತಿ. ಬೀಗರ ಕೈಯದನ್ನು ಒಲ್ಲೆನೆಂದರೆ ಸಂಬಂಧವನ್ನೇ ಒಲ್ಲೆನೆಂದ ಹಾಗೆ. ಧಾರವಾಡದ ಬೀಗರು, ಇವರದೇ ಅಳತೆಯ ಹೊಟ್ಟೆಯವರು, ಒಂದು ಕೈಯಲ್ಲಿ ತುಪ್ಪದ ಗಿಂಡಿ, ಇನ್ನೊಂದು ಕೈಯಲ್ಲಿ ಹೋಳಿಗೆ ಹಿಡಿದು ನಗುತ್ತ ಬಂದರು. ಇವರು ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಹೆಂಗಸರ ಪಂಕ್ತಿಯಲ್ಲಿದ್ದ ನಾನು ಕತ್ತು ಉದ್ದ ಮಾಡಿ ಬೆರಳು ನೋಡಿದೆ. ಸಂದೇ ಇಲ್ಲ! ಇಷ್ಟು ವರ್ಷಗಳ ಸಂಸಾರದಲ್ಲಿ ಅವರ ಬೆರಳುಗಳು ಹೋಳಿಗೆಯ ಎದುರು ಒಗ್ಗಟ್ಟಾದದ್ದು ಅಂದೇ. ಬೀಗರಿಗೆ ಬೆರಳು ಓದಲು ಬರುತ್ತಿರಲಿಲ್ಲ. ಮುಚ್ಚಿದ ಕೈಯ ಮೇಲೆಯೇ ತುಪ್ಪ ಸುರಿದು, “ಬಾಯಿ ತಗೀರಿ ಬೀಗರ, ನಾಚಬ್ಯಾಡ್ರಿ,” ಎಂದರು. ಇವರು ನನ್ನ ಕಡೆ ನೋಡಿದರು, ಮಗಳ ಕಡೆ ನೋಡಿದರು, ನಿಧಾನವಾಗಿ ಬಾಯಿ ತೆರೆದರು.

ನಾನು ಎದ್ದು ನಿಂತೆ. ಆಣೆಗೆ ಸಾಕ್ಷಿಯಾದ ದೇವರಿಗೆ ಆಮೇಲೆ ಸಮಾಧಾನ ಹೇಳಿದರಾಯಿತು.

“ಬೀಗರ, ಕೈ ತಡೀರಿ! ಅವರು ನಾಚಿ ಒಲ್ಲೆ ಅನ್ನಾಕತ್ತಿಲ್ಲ, ಖರೇನ ಒಲ್ಲೆ ಅನ್ನಾಕತ್ತಾರ. ಅವರಿಗೆ ಸಕ್ರಿ ರೋಗ ಐತಿ. ನೀವು ತಿನಿಸೂದು ಬಾಯಿಗೆ, ಹೋಗೂದು ಕಾಲಬೆರಳು!”

ಸನಾದಿ ಊದುವವನೂ ಉಸಿರು ಹಿಡಿದ. ನೀಲವ್ವ ತಲೆ ತಗ್ಗಿಸಿದಳು. ನನ್ನ ಬಾಯಿಂದ ಮಗಳ ಬಾಳು ಕೆಟ್ಟಿತೆಂದೇ ತಿಳಿದೆ. ಅಷ್ಟರಲ್ಲಿ ನನ್ನ ಪಕ್ಕದ ಎಲೆಯ ಮುಂದೆ ಕೂತಿದ್ದ ಬೀಗತಿ, ವರನ ತಾಯಿ, ಎರಡೂ ಕೈಯಿಂದ ತೊಡೆ ಚಪ್ಪರಿಸಿ ನಗತೊಡಗಿದಳು.

“ಅಯ್ಯ ನಮ್ಮವ್ವಾ, ನೀವರ ಬಾಯಿ ಬಿಟ್ರಲ್ಲ! ಅಲ್ಲಿ ಹೋಳಿಗಿ ಹಿಡಕೊಂಡು ನಿಂತಾರಲ್ಲ, ಅವರಿಗೂ ಅದ ರೋಗ. ಹೆಣ್ಣಿನವರಿಗೆ ಗೊತ್ತಾದ್ರ ಸಂಬಂಧ ಮುರೀತೈತಿ ಅಂತ ನನ್ನ ಬಾಯಿ ಹೊಲದಿಟ್ಟಿದ್ರು!”

ಬೀಗರು ಕೈಯಲ್ಲಿದ್ದ ಹೋಳಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ಹಂಗಾರ ಇದನ್ನ ಈಗ ಯಾರ ತಿನ್ನೋರು?”

“ಅಳಿಯಂದ್ರಿಗೆ ಹಾಕ್ರಿ,” ಎಂದರು ನಮ್ಮವರು. “ಅವರು ಇನ್ನೂ ಗಾದಿ ಮ್ಯಾಲ ಕುಂತಿಲ್ಲ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಹಿತ್ತಿಲಿಗೆ ಓಡಿದೆ. ಅಲ್ಲಿ ಅಡಿಗೆಯವರು ತಮ್ಮ ಊಟಕ್ಕೆಂದು ಬಡಿದಿಟ್ಟುಕೊಂಡಿದ್ದ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಉಳ್ಳಾಗಡ್ಡಿ ಇದ್ದವು. ಎತ್ತಿಕೊಳ್ಳಹೋದರೆ ಮುಖ್ಯ ಅಡಿಗೆಯವನು ಅಡ್ಡ ಬಂದ.

“ಅವ್ವಾರ, ಬೀಗರ ಎಲಿಗೆ ರೊಟ್ಟಿ? ನನ್ನ ಮಾನ ಹೋಗತೈತ್ರಿ!”

“ನಿನ್ನ ಮಾನ ಆಮ್ಯಾಲ ನೋಡೂನು, ಮೊದಲ ಅವರ ಕಾಲು ಉಳೀಲಿ. ನಿಮಗ ಬೇಕಾದಷ್ಟು ಹೋಳಿಗಿ ಐತಿ, ತಿನ್ರಿ.”

ಹೋಳಿಗೆಗೆಂದು ಹಾಸಿದ ಎಲೆಯ ಮೇಲೆ ಇಬ್ಬರು ಸಾವುಕಾರರು ರೊಟ್ಟಿ ಮುರಿದು ಒಬ್ಬರ ಬಾಯಿಗೊಬ್ಬರು ತುತ್ತು ಇಟ್ಟರು. ಪದ್ಧತಿ ನಡೆಯಿತು, ಬೆರಳೂ ಉಳಿಯಿತು. ಈಗ ಅದರ ಉಗುರು ಸ್ವಲ್ಪ ಸೊಟ್ಟ ಅಷ್ಟೇ.

ರೋಗ ಓಡಿಹೋಯಿತೆಂದು ನಾನು ಹೇಳುವುದಿಲ್ಲ. ಅದು ಕರೆಯದೆ ಬಂದ ನೆಂಟನಲ್ಲ, ನಾವೇ ಗಾದಿ ಹಾಕಿ ಕೂಡಿಸಿದ್ದು; ಆದರೆ ಈಗ ಮೂಲೆಯಲ್ಲಿ ಮರ್ಯಾದೆಯಿಂದ ಕೂತಿದೆ. ಆದಿತ್ಯವಾರ ಬೀಗರು ಬೀಗತಿಯನ್ನು ಕರೆದುಕೊಂಡು ಧಾರವಾಡದಿಂದ ಬಸ್ಸಿನಲ್ಲಿ ಬರುತ್ತಾರೆ. ಗಂಡಸರಿಬ್ಬರೂ ಹತ್ತಿಯ ಧಾರಣೆಯ ಮೇಲೆ ಜಗಳವಾಡುತ್ತ ಗಬ್ಬೂರಿನ ಹಾದಿ ಹಿಡಿಯುತ್ತಾರೆ. ಜಗಳ ದೊಡ್ಡದಾದ ದಿನ ನಡಿಗೆಯೂ ಉದ್ದವಾಗುವುದರಿಂದ, ನಾವು ಬೀಗತಿಯರು ಬಿಡಿಸಲು ಹೋಗುವುದಿಲ್ಲ. ಹಿಂದೆ ಉಳಿದು ನಡೆಯುತ್ತ ಅವರಿಬ್ಬರನ್ನೂ ನೋಡಿ ನಗಾಡುತ್ತೇವೆ. ಬಡಿಸುವುದು ಪ್ರೀತಿಯೇ, ಯಾರು ಅಲ್ಲವೆಂದರು? ಆದರೆ ಸೌಟು ಹಿಡಿದವರಿಗೆ ಕಣ್ಣೂ ಇರಬೇಕು.

ಮೊನ್ನೆ ನೀಲವ್ವನ ಮನೆಯಲ್ಲಿ ಹಬ್ಬದೂಟ. ಮಗಳು ತುಪ್ಪ ಹಿಡಿದು ನನ್ನ ಎಲೆಯ ಮುಂದೆ ಬಂದಳು. ನಾನು ಶಾಸ್ತ್ರಕ್ಕೆ ಕೈ ಅಡ್ಡ ಹಿಡಿದು ‘ಸಾಕು’ ಎಂದೆ. ಅವಳು ನಿಂತೇಬಿಟ್ಟಳು. ನಾನು ಬೆರಳುಗಳನ್ನು ಇನ್ನಷ್ಟು ಅಗಲಿಸಿದೆ.

“ಬೆರಳು ನೋಡವ್ವ,” ಎಂದೆ ಮೆಲ್ಲಗೆ.

“ಬೆರಳೂ ನೋಡೇನಿ, ಮಣಿಕಟ್ಟಿನ್ಯಾಗ ಸಿಕ್ಕೊಂಡಿರೋ ಬಳೀನೂ ನೋಡೇನಿ ಬೇ,” ಎಂದು ಅವಳು ಗಿಂಡಿಯನ್ನು ಪಕ್ಕದ ಎಲೆಗೆ ಒಯ್ದಳು.