ಅರ್ಧ ಜಾಗದ ದನಿ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಸಿಕಂದರಾಬಾದಿನ ಮಾರ್ಕೆಟ್ಟಿನಿಂದ ಫೋನ್ ಮಾಡಿದ್ದಳು. ಅವಳ ದನಿಯ ಹಿಂದೆ ಕೊತ್ತಂಬರಿ ಮಾರುವವಳ ತೆಲುಗು, ಹೆಂಡತಿಯ ಕೈಬಳೆಗಳ ಸದ್ದು ಕೂಡ ಕೇಳಿಸಿತು. ನಿಮಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ನನಗೆ ಶರಣಮ್ಮ ನೆನಪಾದಳು.

ಕೆಲವು ವರ್ಷಗಳ ಹಿಂದಿನ ಮಾತು; ಆಗ ನಾನು ಒಂದು ಮೊಬೈಲ್ ಕಂಪನಿಯಲ್ಲಿ ಇಂಜಿನಿಯರ್. ಟವರಿನಲ್ಲಿ ಜಾಗ ಸಾಲದಾದಾಗ ಒಂದು ಕರೆಯ ಜಾಗದಲ್ಲಿ ಎರಡು ಕರೆ ಕೂರಿಸುವುದು ನನ್ನ ಕೆಲಸ. ಶೇರ್ ಆಟೋದವರೂ ಇದನ್ನೇ ಮಾಡುತ್ತಾರೆ; ಅವರನ್ನು ಯಾರೂ ಇಂಜಿನಿಯರ್ ಅನ್ನುವುದಿಲ್ಲ. ಅರ್ಧ ಜಾಗದಲ್ಲಿ ಕೂತ ದನಿ ತೆಳ್ಳಗಾಗಿ, ತಗಡಿನ ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಮಾತು ತಿಳಿದರೆ ಸಾಕಲ್ಲ ಎಂದು ನಾನು ವಾದಿಸುತ್ತಿದ್ದೆ.

ಯಾದಗಿರಿ ಕಡೆಯ ಶರಣಮ್ಮ ಸಿಕಂದರಾಬಾದಿನ ಹತ್ತಿರದ ಕುಷಾಯಿಗೂಡದ ನಮ್ಮ ಮನೆಯೆದುರು ಏಳುತ್ತಿದ್ದ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಗಂಡ ಊರಿನ ಇನ್ನೊಂದು ಕಡೆಯ ಜೀಡಿಮೆಟ್ಲಾದ ಕಾರ್ಖಾನೆಯೊಂದರಲ್ಲಿ ದಿನಗೂಲಿ. ಒಂದು ಮಧ್ಯಾಹ್ನ ಆ ಕಾರ್ಖಾನೆಗೆ ಬೆಂಕಿ ಬಿತ್ತು. ಊರೆಲ್ಲ ಒಮ್ಮೆಲೇ ಅಲ್ಲಿಗೆ ಫೋನ್ ಹಚ್ಚಿತು. ರಜೆಯಲ್ಲಿದ್ದ ನಾನು ಮನೆಯಲ್ಲೇ ಲ್ಯಾಪ್‌ಟಾಪ್ ತೆರೆದೆ. ಶರಣಮ್ಮ ಬಾಗಿಲಿಗೆ ಬಂದಳು.

"ಅಣ್ಣಾರ, ನಮ್ಮವರ ಫೋನ್ ಹತ್ತವಲ್ದರಿ."

"ತಡಿಯವ್ವಾ, ಈಗ ಹತ್ತತೈತಿ."

ಜೀಡಿಮೆಟ್ಲಾದ ಟವರುಗಳಲ್ಲಿ ಎಲ್ಲರ ದನಿಯನ್ನೂ ಅರ್ಧ ಜಾಗಕ್ಕೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಅವಳ ಫೋನ್ ರಿಂಗಾಯಿತು. ಕಿವಿಗಿಟ್ಟಳು, ಕೇಳಿದಳು, ಕಟ್ ಮಾಡಿದಳು.

"ನಂಬರು ಅವರದ, ಮಾತಾಡಿದವರು ನಮ್ಮವರಲ್ಲರಿ. ಯಾರದೋ ಕೀರಲು ದನಿ. 'ಶರಣಮ್ಮಾ, ಶರಣಮ್ಮಾ' ಅಂದ. ನಮ್ಮವರು ಒಂದಿನಾನೂ ನನ್ನ ಹೆಸರು ಹಿಡದು ಕರದಿಲ್ಲ. ಅವರ ಫೋನು ಬ್ಯಾರೆಯವರ ಕೈಯಾಗ ಐತಿ ಅಂದ್ರ..."

ಅಲ್ಲೇ ಹೊಸ್ತಿಲ ಮೇಲೆ ಕೂತಳು. ದನಿ ಹಾಗಾದದ್ದು ನನ್ನಿಂದ ಎಂದು ಹೇಳಿದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಮತ್ತೆ ಮತ್ತೆ ಹಚ್ಚಿದೆವು, ಹತ್ತಲಿಲ್ಲ. ಹೆಸರು ಹಿಡಿದು ಕರೆದವನು ಯಾರೆಂಬುದು ನನಗೂ ಗೊತ್ತಿರಲಿಲ್ಲ.

ಸಂಜೆ ಅವಳ ಗಂಡ ನಡೆದುಕೊಂಡೇ ಬಂದ. ಮೈಯೆಲ್ಲ ಮಸಿ, ಒಂದೇ ಕಾಲಲ್ಲಿ ಚಪ್ಪಲಿ.

"ಲೇ ಇಕಿ, ಫೋನ್ ಯಾಕ ಕಟ್ ಮಾಡಿದಿ?"

ಅವಳು ಅವನ ತೋಳನ್ನು ಮುಟ್ಟಿ ಮುಟ್ಟಿ ನೋಡಿದಳು. "ನೀವು ಹೆಸರು ಯಾಕ ಹಿಡದ್ರಿ?"

"ಅಂಜಿಕಿ ಬಂದಿತ್ತು," ಎಂದು ಅವನು ನೆಲ ನೋಡಿದ.

ಆಮೇಲೆ ಅವನು ಎಂದೂ ಅವಳ ಹೆಸರು ಕರೆಯಲಿಲ್ಲವಂತೆ. "ಒಮ್ಮೆ ಕರದಿದ್ರು, ನಾನ ಕಟ್ ಮಾಡಿದ್ನಿ ನೋಡ್ರಿ," ಎಂದು ಊರಿಗೆ ಹೊರಟ ದಿನ ಶರಣಮ್ಮ ನಕ್ಕಳು. ನನಗೆ ನಗು ಬರಲಿಲ್ಲ.

ನಾನೂ ಹೆಂಡತಿಯನ್ನು ಹೆಸರು ಹಿಡಿಯದೆ 'ಕೇಳ್ತೇನು' ಎಂದೇ ಕರೆದವನು. ಇವತ್ತು ಮಾರ್ಕೆಟ್ಟಿಗೆ ತಿರುಗಿ ಫೋನ್ ಹಚ್ಚಿ, "ವಿಮಲಾ," ಎಂದೆ.

ಬಳೆಗಳ ಸದ್ದು ನಿಂತಿತು.

"ಏನಾತ್ರಿ? ಎಲ್ಲಿದ್ದೀರಿ?"

"ಮನ್ಯಾಗ ಇದ್ದೀನಿ. ಏನಿಲ್ಲ. ಕಟ್ ಮಾಡಬ್ಯಾಡ," ಎಂದೆ.