ಮಹಡಿ ಮೇಲಿನ ರೈಲು ಬಿಚ್ಚಲು ಹೋದೆ

ಗೆಳೆಯರೇ, ರಾಯಬಾಗದ ನಮ್ಮ ಮನೆಯ ಮಹಡಿಯಲ್ಲಿ ನಾನೇ ಹಲಗೆಯ ಮೇಲೆ ಕಟ್ಟಿದ ಆಟಿಕೆ ರೈಲುಮಾರ್ಗವಿದೆ. ತಿರುವಿನಲ್ಲಿ ಇಂಜಿನ್ ಹಳಿ ತಪ್ಪುತ್ತದೆ. ಪ್ರೀತಿಯಿಂದ ಕಟ್ಟಿದ್ದನ್ನು ಕೀಳಲು ಮನಸ್ಸು ಬಾರದೆ ವಾರಗಟ್ಟಲೆ ಒದ್ದಾಡಿ, ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಲು ಇವತ್ತು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿದೆ.

ಅವ್ವ ಮಹಡಿಯ ಬಾಗಿಲಲ್ಲೇ ತಡೆದಳು. "ಬಿಚ್ಚಬ್ಯಾಡ. ದಿನಾ ಸಂಜೀಕ ನೀ ಇಲ್ಲದಾಗ ನಾನೂ ಓಣಿ ಹೆಣ್ಮಕ್ಕಳೂ ಅದನ್ನ ನೋಡಾಕ ಕೂಡ್ತೀವಿ."

"ಅದು ಹಳಿ ತಪ್ಪತೈತಿ ಬೇ."

"ಅದಕ್ಕ ಕೂಡ್ತೀವಿ. ಎಷ್ಟನೇ ಸುತ್ತಿಗೆ ಬೀಳತೈತಿ ಅಂತ ಪೈಜ ಕಟ್ಟತೀವಿ. ಸೋತಾಕಿ ಎಲ್ಲಾರಿಗೂ ಚಹಾ ಮಾಡಬೇಕು."

ನನಗೆ ಇದೊಂದೂ ಗೊತ್ತಿರಲಿಲ್ಲ. "ನಿನ್ನಿ ಯಾರು ಸೋತರು?" ಎಂದೆ.

"ನಾನ. ಇವತ್ತ ನಾ ಗೆಲ್ಲಬೇಕು, ನೀ ಕೆಳಗ ನಡಿ."

ಇಳಿದು ಬಂದೆ. ಹಳಿ ಸರಿಪಡಿಸುವುದನ್ನು ಸಾರ್ವಜನಿಕರೇ ವಿರೋಧಿಸುವ ರೈಲ್ವೆ ದೇಶದಲ್ಲಿ ನಮ್ಮದೊಂದೇ ಇರಬೇಕು.