ಕಾಕಾ ಹಾಕಿದ ಗಂಟು, ನಾನು ಬಿಚ್ಚಿದ ಗಂಟು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಸಿಟ್ಟಿಗಿಂತ ನನ್ನ ಅಚ್ಚುಕಟ್ಟಿನ ಹುಚ್ಚು ದೊಡ್ಡದು. ಅಡುಗೆಮನೆಯ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿದ್ದೇನೆ. ಸಾಸಿವೆ ಡಬ್ಬಿಯಲ್ಲಿ ಜೀರಿಗೆ ಕಂಡರೆ ಆ ದಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ಇಂಥವಳನ್ನು ಸರ್ಕಾರ ರಿಕಾರ್ಡ್ ರೂಮಿಗೆ ಹಾಕಿತು ಎಂದರೆ ಹಬ್ಬವೇ ಅಲ್ಲವೇ? ಬಸವಕಲ್ಯಾಣದ ಮನೆಯಿಂದ ಹುಮನಾಬಾದಿನ ಕಚೇರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ಮುಂದೆ ಹೇಳುವ ಕತೆಯಲ್ಲಿ ತಪ್ಪೆಲ್ಲ ನನ್ನದೇ, ಪಾಪ, ಕಚೇರಿಗೆ ಯಾಕೆ ಕೆಟ್ಟ ಹೆಸರು?

ಹಳೆಯ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಗಂಟಿಗೆ ನಮ್ಮಲ್ಲಿ ರುಮಾಲು ಎನ್ನುತ್ತಾರೆ. ನಮ್ಮ ಕೋಣೆಯ ತುಂಬ ರುಮಾಲುಗಳೇ. ನೆಲದಿಂದ ಸೂರಿನ ತನಕ ಕಬ್ಬಿಣದ ರ‍್ಯಾಕುಗಳು, ಅವುಗಳ ಮೇಲೆ ಪಹಣಿ, ಜನನ ಮರಣದ ರಿಜಿಸ್ಟರು, ಉರ್ದುವಿನಲ್ಲಿ ಬರೆದ ನಿಜಾಮನ ಕಾಲದ ಕಾಗದಗಳು. ಚೀಟಿಗಳನ್ನೆಲ್ಲ ಬೆಳ್ಳಿಹುಳು ಯಾವತ್ತೋ ತಿಂದು ಮುಗಿಸಿತ್ತು. ಆದರೂ ಜನ ಬಂದು ಕೇಳಿದ ಕಾಗದ ಐದು ನಿಮಿಷದಲ್ಲಿ ಹೊರಗೆ ಬರುತ್ತಿತ್ತು. ಅದಕ್ಕೆ ಕಾರಣ ನಾನಲ್ಲ, ನಮ್ಮ ಜವಾನ ಕಾಕಾ.

ಕಾಕಾ ಹುಡಗಿ ಎಂಬ ಊರಿನವರು, ಕುರಿ ಸಾಕುವ ಮನೆತನ. ನಿವೃತ್ತಿಗೆ ಸ್ವಲ್ಪವೇ ದಿನ ಉಳಿದಿತ್ತು. ಕನ್ನಡ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದರು. ಕರೆಂಟು ಹೋದಾಗಲೂ ಕತ್ತಲ ಕೋಣೆಗೆ ನುಗ್ಗಿ, ಕೈಯಾಡಿಸಿ, ಸರಿಯಾದ ರುಮಾಲು ಹೊತ್ತು ತರುತ್ತಿದ್ದರು. ಬಂದ ಜನ ನನ್ನ ಮೇಜಿನ ಮುಂದೆ ನಿಂತು "ಕಾಕಾ ಎಲ್ಲಿ ಹೋಗ್ಯಾರ್ರಿ?" ಎಂದೇ ಕೇಳುತ್ತಿದ್ದರು. ಇಷ್ಟು ದೊಡ್ಡ ಕುರ್ಚಿಯಲ್ಲಿ ನಾನು ಕೂತಿದ್ದೇನೆ, ಕಣ್ಣಿಗೆ ಕಾಣುವುದಿಲ್ಲವೇ? ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ನಾನು ಬಂದು ಎರಡು ತಿಂಗಳಾಗಿತ್ತು. ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆಂದು ಕಾಕಾ ರಜೆ ಹಾಕಿ ಊರಿಗೆ ಹೋದರು. ಇದೇ ಸಮಯ ಎಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಮಾಸಿದ ಬಟ್ಟೆಗಳನ್ನೆಲ್ಲ ಬಿಚ್ಚಿ ಬಿಸಾಕಿದೆ. ಉಗ್ರಾಣದಲ್ಲಿ ಬಿದ್ದಿದ್ದ ಹೊಸ ಕೆಂಪು ಬಟ್ಟೆ ತಂದು ಪ್ರತಿ ರುಮಾಲನ್ನೂ ಒಂದೇ ಥರ ಸುತ್ತಿ, ಮೇಲೆ ಹೂವಿನಂಥ ಗಂಟು ಹಾಕಿದೆ. ಒಳಗೇನಿದೆ ಎಂದು ಮೇಲಿನ ಹಾಳೆ ಓದಿ, ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ಆರು ದಿನ ಸೀನಿ ಸೀನಿ ಮೂಗು ಟೊಮೆಟೊ ಆಗಿತ್ತು. ಏಳನೆಯ ದಿನ ಬಾಗಿಲಲ್ಲಿ ನಿಂತು ನೋಡಿದರೆ, ಕೋಣೆ ಅಗದಿ ಮದುಮಗಳ ಥರ ಕಾಣುತ್ತಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು ಅಕ್ಕತಂಗಿಯರಿಗೆಲ್ಲ ಕಳಿಸಿದೆ.

ಮರುದಿನ ಗುರುವಾರ. ದುಬಲಗುಂಡಿಯಿಂದ ಒಬ್ಬ ತಾಯಿ, ಮಗಳು ಬಂದರು. ತಾಯಿ ಕೂಲಿ ಮಾಡುವವಳು. ವರ್ಷದಲ್ಲಿ ಅರ್ಧ ಕಾಲ ಕಬ್ಬು ಕಡಿಯಲು ಹೋಗುತ್ತಿದ್ದವಳು. ಹಾಗೆ ಹೋಗುವಾಗೆಲ್ಲ ಮಗುವನ್ನು ಗಡಿಯಾಚೆ ಉದಗೀರಿನಲ್ಲಿದ್ದ ತಂಗಿಯ ಹತ್ತಿರ ಬಿಡುತ್ತಿದ್ದಳು. ಮಗಳು ಅಲ್ಲೇ ಶಾಲೆ ಕಲಿತು, ನರ್ಸಿಂಗ್ ಓದಿ, ಈಗ ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಆಯ್ಕೆಯಾಗಿದ್ದಳು. ಮಂಗಳವಾರ ಕಲಬುರಗಿಯಲ್ಲಿ ಕಾಗದಪತ್ರದ ಪರಿಶೀಲನೆ. ಹುದ್ದೆ ಈ ಭಾಗದವರಿಗೇ ಮೀಸಲು, ಅಷ್ಟರೊಳಗೆ ಆಕೆ ಕಲ್ಯಾಣ ಕರ್ನಾಟಕದವಳೇ ಎಂಬ ಪ್ರಮಾಣಪತ್ರ ಬೇಕು. ಶಾಲೆಯ ಕಾಗದಗಳೆಲ್ಲ ಮಹಾರಾಷ್ಟ್ರದವು. ಹೋದಲ್ಲೆಲ್ಲ "ನೀ ಆ ಕಡಿಯಾಕಿ" ಎಂದು ವಾಪಸು ಕಳಿಸಿದ್ದರಂತೆ. ಉಳಿದದ್ದು ಒಂದೇ ಆಧಾರ. ಹುಟ್ಟಿದ್ದು ದುಬಲಗುಂಡಿಯಲ್ಲಿ, ಆ ಹುಟ್ಟನ್ನು ಬರೆದ ರಿಜಿಸ್ಟರು ನಮ್ಮ ಕೋಣೆಯಲ್ಲಿ.

"ಸಿಗತದಲ್ರಿ ಅಕ್ಕೋರೆ?" ಎಂದಳು ತಾಯಿ.

"ಹತ್ತು ನಿಮಿಷ ಕೂಡ್ರಿ," ಎಂದೆ ನಾನು, ಮಹಾರಾಣಿಯ ಗತ್ತಿನಲ್ಲಿ.

'ದುಬಲಗುಂಡಿ, ಜನನ' ಎಂದು ನಾನೇ ಬರೆದ ಚೀಟಿಯ ರುಮಾಲು ಇಳಿಸಿ ಬಿಚ್ಚಿದೆ. ಮೇಲೆ ಒಂದೇ ಒಂದು ಜನನದ ಹಾಳೆ. ಅದರ ಕೆಳಗೆ ಪೂರ್ತಿ ಹಳ್ಳಿಖೇಡ ಊರಿನ ಪಹಣಿ! ಇನ್ನೊಂದು ಬಿಚ್ಚಿದೆ. ಮೇಲೊಂದು, ಒಳಗೊಂದು. ಮತ್ತೊಂದು, ಮಗದೊಂದು. ಸಂಜೆಯ ತನಕ ಹುಡುಕಿ, ತಾಯಿ ಮಗಳಿಗೆ "ನಾಳೆ ಬರ್ರಿ" ಎಂದು ಹೇಳುವಾಗ ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ. ನಮ್ಮ ಸಾಹೇಬರು ಬೇರೆ, "ಶನಿವಾರದೊಳಗೆ ಸಿಗದಿದ್ದರೆ ದಾಖಲೆ ಲಭ್ಯವಿಲ್ಲ ಅಂತ ಬರೆದು ಕೊಟ್ಟುಬಿಡಿ" ಎಂದರು. ಹಾಗೆ ಬರೆದರೆ ಅವರು ಕೋರ್ಟಿಗೆ ಹೋಗಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಕೆಲಸ ಪಟ್ಟಿಯ ಮುಂದಿನವರ ಪಾಲು.

ಬಸ್ ಸ್ಟ್ಯಾಂಡಿನಲ್ಲಿ ನಿಂತು, ಅಭಿಮಾನ ನುಂಗಿಕೊಂಡು, ಕಾಕಾಗೆ ಫೋನ್ ಹಚ್ಚಿದೆ.

"ಕಾಕಾ, ನಾನು ಎಲ್ಲ ರುಮಾಲು ಬಿಚ್ಚಿ ಹೊಸದಾಗಿ ಕಟ್ಟಿದೆ."

"ಎಲ್ಲಾನೂ?"

"ಎಲ್ಲ."

"ಗಂಟೂ ಬಿಚ್ಚೀರಿ?"

"ಗಂಟು ಬಿಚ್ಚದೆ ರುಮಾಲು ಹ್ಯಾಗೆ ಬಿಚ್ಚಲಿ ಕಾಕಾ?" ಎಂದು ರೇಗಿದೆ. ತಪ್ಪು ನನ್ನದಾದಾಗ ನನ್ನ ಸಿಟ್ಟು ಇನ್ನೂ ಜೋರು.

ಕಾಕಾ ಹೋ ಎಂದು ನಕ್ಕರು. "ಯವ್ವಾ, ನನ್ನ ಲೆಖ್ಖಾ ಎಲ್ಲಾ ಆ ಗಂಟಿನಾಗೇ ಇತ್ತಲ್ರಿ! ಇರ್ಲಿ, ಫಿಕರ್ ಮಾಡಬ್ಯಾಡ್ರಿ. ಮುಂಜಾನಿ ಬರ್ತೀನಿ."

ರಜೆ ಮುರಿದುಕೊಂಡು ಶುಕ್ರವಾರ ಬೆಳಿಗ್ಗೆ ನನಗಿಂತ ಮೊದಲೇ ಬಂದು ಕೂತಿದ್ದರು. ಆಗ ತಿಳಿಯಿತು ಗುಟ್ಟು. ದುಬಲಗುಂಡಿಯ ರುಮಾಲುಗಳಿಗೆ ಕಾಕಾ ಹಾಕುತ್ತಿದ್ದದ್ದು ಕುರಿಮರಿ ಕಟ್ಟುವ ಗಂಟು, ಒಂದು ತುದಿ ಎಳೆದರೆ ಸರಕ್ಕನೆ ಬಿಚ್ಚುವಂಥದ್ದು. ಹಳ್ಳಿಖೇಡದವುಗಳಿಗೆ ಕಬ್ಬಿನ ಹೊರೆಯ ಗಂಟು, ಅಲ್ಲಿ ಸಕ್ಕರೆ ಕಾರ್ಖಾನೆ ಇದೆಯಲ್ಲ, ಅದಕ್ಕೆ. ಹುಮನಾಬಾದ್ ಊರಿನವುಗಳಿಗೆ ಬುತ್ತಿಯ ಗಂಟು. ಜನನ ಮರಣವಾದರೆ ಒಂದು ಸುತ್ತು, ಪಹಣಿಯಾದರೆ ಎರಡು ಸುತ್ತು. ಕೈಯಲ್ಲಿ ಮುಟ್ಟಿದರೆ ಸಾಕು, ಬೆಳಕೇ ಬೇಡ.

"ಮತ್ತೆ ಆ ಮೇಲಿನ ಹಾಳೆ? ಅದು ಯಾಕೆ ಬೇರೆ ಊರಿನದು?" ಎಂದೆ.

"ಅದಾ? ಅದು ಹುಳಕ್ಕ ಇಟ್ಟದ್ರಿ. ಹುಳ ಮ್ಯಾಲಿಂದನೇ ತಿನ್ಕೋತ ಬರ್ತದ. ಎಲ್ಲಿಂದರ ಒಂದು ಕೆಲಸಕ್ಕ ಬಾರದ ನಕಲು ಹಾಳಿ ಮ್ಯಾಲ ಹೊಚ್ಚಿದ್ರ ಅದನ್ನ ತಿಂತದ, ಒಳಗಿಂದು ಸಾಫ್ ಉಳಿತದ."

ಅಯ್ಯೋ ಶಿವನೇ! ನಾನು ಆರು ದಿನ ಕೂತು ಹುಳದ ಊಟದ ಹಾಳೆಗಳನ್ನು ಓದಿ ಓದಿ ಚೀಟಿ ಬರೆದಿದ್ದೆ. ಒಂದು ಕ್ಷಣ ಅಳು ಬಂತು, ಮರುಕ್ಷಣ ನಗು ಬಂತು. ಕಾಕಾ ಮತ್ತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಪಕ್ಕದ ಕೋಣೆಯ ಗುಮಾಸ್ತರು ಯಾರಿಗೋ ಫಿಟ್ಸ್ ಬಂತು ಎಂದುಕೊಂಡು ಓಡಿ ಬಂದರು.

ನಗು ಮುಗಿಯಿತು, ಕೆಲಸ ಬಾಕಿ ಇತ್ತು. ದಾರಿ ಒಂದೇ: ಎಲ್ಲ ರುಮಾಲು ಬಿಚ್ಚಿ, ಒಳಗಿನದನ್ನು ಓದಿ, ಮತ್ತೆ ಕಟ್ಟುವುದು. ನಾನು ಓದುವವಳು, ಕಾಕಾ ಕಟ್ಟುವವರು. ತಾಯಿ ಮಗಳು ಪಡಸಾಲೆಯಲ್ಲಿ ಕೂತಿದ್ದರು. ಎಷ್ಟು ಹೊತ್ತು ಸುಮ್ಮನೆ ಕೂತಾರು? ಕಟ್ಟುವ ಕೆಲಸದಲ್ಲಿ ಕಾಕಾ ಹಿಂದೆ ಬೀಳುವುದನ್ನು ನೋಡಿ ತಾಯಿ ಎದ್ದು ಬಂದಳು.

"ಕಾಗದ ನಾ ಮುಟ್ಟಂಗಿಲ್ರಿ ಅಕ್ಕೋರೆ. ಬರೇ ಕಟ್ಟಿ ಕೊಡ್ತೀನಿ."

ಸಾಹೇಬರ ಕಡೆ ನೋಡಿದೆ. ಅವರು ಬೇಕೆಂದೇ ಕಿಟಕಿಯ ಹೊರಗೆ ನೋಡತೊಡಗಿದರು. ಸರಿ, ನಾನು ಮತ್ತು ಕಾಕಾ ಕಾಗದ ಜೋಡಿಸಿ ಬಟ್ಟೆ ಸುತ್ತಿ ಹೊಸ್ತಿಲಿಗೆ ತಂದಿಡುವುದು, ಆಕೆ ಗಂಟು ಹಾಕುವುದು. ಏನು ಕೈ ಅದು! ಕಾಕಾ ಒಂದು ಮುಗಿಸುವಷ್ಟರಲ್ಲಿ ಆಕೆಯದು ಮೂರು. ಹಳ್ಳಿಖೇಡದ ರುಮಾಲು ಬಂದಾಗ ಕಾಕಾ ಗಂಟು ತೋರಿಸಿಕೊಟ್ಟರು. ಆಕೆ ನೋಡಿ ಮೂಗು ಮುರಿದಳು.

"ಇದು ಕಬ್ಬಿನ ಗಂಟ ಅಲ್ಲ ಕಾಕಾ. ಇಂಥಾದು ಹಾಕಿದ್ರ ಹೊರಿ ಟ್ರ್ಯಾಕ್ಟರ್ ಏರೂದ್ರಾಗ ಬಿಚ್ಚಿ ತಲಿ ಮ್ಯಾಲ ಬೀಳ್ತದ."

"ಇಷ್ಟು ವರ್ಷ ನಡದದಲ್ಲವ್ವಾ!"

"ನಿಮ್ಮ ಕಾಗದ ಹಗುರ ಅವ, ಅದಕ್ಕ ನಡದದ. ಸರಕೋರಿ ಜರಾ."

ಕಾಕಾ ಸರಿದು ಕೂತರು. ಯಾರ ಮುಂದೆಯೂ ಸೋಲದ ಮುದುಕ ಆವತ್ತು ಕಬ್ಬಿನ ಗಂಟನ್ನು ಹೊಸದಾಗಿ ಕಲಿತರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಎರಡನೆಯ ಶನಿವಾರ, ರಜೆ. ಆದರೂ ಬಾಗಿಲು ತೆಗೆಸಿದೆವು. ಸಾಹೇಬರೇ ಬಂದು ಕೂತರು, ಗುಮಾಸ್ತರು ಮಂಡಕ್ಕಿಯ ಸುಶಲಾ, ಮೆಣಸಿನಕಾಯಿ ಭಜ್ಜಿ ತಂದರು. ನಾನು ಮನೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಹೊತ್ತು ಬಂದಿದ್ದೆ. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತು ಉಂಡೆವು. ಮಗಳು ಮಾತ್ರ ರೊಟ್ಟಿ ಮುರಿದು ಕೈಯಲ್ಲೇ ಹಿಡಿದಿದ್ದಳು. "ನಾ ಎಲ್ಲಿಯಾಕಿ ಅಂತ ಬರೀಲಿ ಅಕ್ಕೋರೆ, ಸಿಗಲಿಲ್ಲಂದ್ರ?" ಎಂದು ಮೆಲ್ಲಗೆ ಕೇಳಿದಳು. ನಾನು ತಾಟು ಸರಿಸಿ ಎದ್ದೆ. ಹಾಳು ಕೆಂಪು ಬಟ್ಟೆ, ಹಾಳು ಚೀಟಿ ಎಂದು ನನ್ನನ್ನೇ ಬೈದುಕೊಂಡು ಒಳಗೆ ಹೋದೆ.

ಮೂರು ಗಂಟೆಯ ಸುಮಾರಿಗೆ, ಕಿಟಕಿಯ ಪಕ್ಕದ ರ‍್ಯಾಕಿನ ನಡುವಿನ ಅಂಕಣದಲ್ಲಿ, 'ಹುಮನಾಬಾದ್, ಪಹಣಿ' ಎಂದು ನಾನು ಹೆಮ್ಮೆಯಿಂದ ಬರೆದ ರುಮಾಲಿನಲ್ಲಿ ಸಿಕ್ಕಿತು ದುಬಲಗುಂಡಿಯ ಜನನದ ರಿಜಿಸ್ಟರು. ಹಾಳೆ ತಿರುಗಿಸುತ್ತ ಹೋದೆ. ಶಾಲೆಯ ಕಾಗದದಲ್ಲಿದ್ದ ಅದೇ ತಾರೀಖು, ತಂದೆಯ ಹೆಸರು, ತಾಯಿಯ ಹೆಸರು, ಊರು. ಒಂದೇ ಒಂದು ಅಕ್ಷರವನ್ನೂ ಹುಳ ಮುಟ್ಟಿರಲಿಲ್ಲ.

"ಕಾಕಾ!" ಎಂದು ಕಿರುಚಿದ ಕಿರುಚಿಗೆ ಸಾಹೇಬರ ಕೈಯ ಚಹಾ ಅಂಗಿಯ ಮೇಲೆ ಚೆಲ್ಲಿತು. ಮಗಳು ತಾಯಿಯನ್ನು ತಬ್ಬಿಕೊಂಡಳು, ತಾಯಿ ನನ್ನನ್ನು ತಬ್ಬಿಕೊಂಡಳು. ಕಾಕಾ ತಲೆಯ ಟೋಪಿ ತೆಗೆದು ಜೋರಾಗಿ ಕೊಡವಿದರು. ಇಡೀ ಕೋಣೆಯ ಧೂಳು ಎದ್ದು ಎಲ್ಲರೂ ಸೀನಿದೆವು.

ಪ್ರಮಾಣಪತ್ರಕ್ಕೆ ಸೋಮವಾರ ಬಸವಕಲ್ಯಾಣದಲ್ಲಿ ಉಪವಿಭಾಗದ ದೊಡ್ಡ ಸಾಹೇಬರ ಸಹಿಯಾಗಬೇಕಿತ್ತು. ನಮ್ಮ ಊರೇ ತಾನೆ, ಆ ಕಚೇರಿಯ ಬಾಗಿಲು ತೆಗೆಯುವ ಮುಂಚೆಯೇ ಫೈಲು ಹಿಡಿದು ನಿಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಪ್ರಮಾಣಪತ್ರ ಮಗಳ ಕೈ ಸೇರಿತು. ಮಂಗಳವಾರ ಅವಳು ಮೊದಲ ಬಸ್ಸಿಗೇ ಕಲಬುರಗಿಗೆ ಹೋದಳು. ತಾಯಿ ಮಾತ್ರ ಹೋಗಲಿಲ್ಲ. ನಮ್ಮ ಪಡಸಾಲೆಗೆ ಬಂದು, ಉಳಿದ ರುಮಾಲುಗಳಿಗೆ ಗಂಟು ಹಾಕುತ್ತ ಕೂತಳು. ಬೇಡ ಎಂದರೂ ಕೇಳಲಿಲ್ಲ. "ಕೈ ಖಾಲಿ ಇದ್ರ ಜೀವ ನಿಲ್ಲಂಗಿಲ್ರಿ" ಎಂದಳು.

ಊಟದ ಹೊತ್ತು ದಾಟಿದ ಮೇಲೆ ನನ್ನ ಫೋನು ಬಡಿದುಕೊಂಡಿತು. ಮಗಳು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. "ಆತ್ರಿ ಅಕ್ಕೋರೆ! ಎಲ್ಲಾ ಬರೋಬ್ಬರಿ ಅದ ಅಂದ್ರು. ಅವ್ವಗ ಹೇಳ್ರಿ!" ನಾನು ಹೇಳಬೇಕಾಗಲಿಲ್ಲ. ತಾಯಿ ನನ್ನ ಮುಖ ನೋಡಿಯೇ ಎದ್ದು ನಿಂತಿದ್ದಳು. ಕಾಕಾ ಯಾರನ್ನೂ ಕೇಳದೆ ಪೇಡೆ ತರಲು ಹೊರಟೇಬಿಟ್ಟರು.

ಆಗ ತಾಯಿ ಮೆಲ್ಲಗೆ ಒಳಗೆ ಬಂದಳು. "ಅಕ್ಕೋರೆ, ಝೆರಾಕ್ಸ್ ನೋಡೀನಿ. ಆ ದೊಡ್ಡ ಬುಕ್ಕಿನಾಗ ಎಲ್ಲಿ ಅದಾಳ ತೋರಸ್ತೀರಿ? ನಂಗ ಓದಾಕ ಬರಂಗಿಲ್ಲ."

ರಿಜಿಸ್ಟರು ಇಳಿಸಿ, ಹಾಳೆ ತೆಗೆದು, ಅವಳ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ. ಕಬ್ಬಿನ ರವದಿಯ ಒಣ ಎಲೆ ಕೊಯ್ದು ಕೊಯ್ದು ಬಿರುಸಾದ ಬೆರಳು.

"ಇದು ನಿಮ್ಮ ಯಜಮಾನರ ಹೆಸರು. ಇದು ನಿಮ್ಮದು. ಇದು ನಿಮ್ಮ ಮಗಳು."

"ಏನಂತ ಬರದಾರ?"

"ಹೆಸರು ಇಟ್ಟಿರಲಿಲ್ಲವಲ್ಲ ಆಗ. ಹೆಣ್ಣು ಅಂತಷ್ಟೇ ಇದೆ."

ಅವಳು ಆ ಎರಡು ಅಕ್ಷರಗಳ ಮೇಲೆ ಬೆರಳು ಆಡಿಸಿದಳು. ಕಣ್ಣು ತುಂಬಿ ಬಂದಿತ್ತು, ಮುಖ ನಗುತ್ತಿತ್ತು.

"ಹೋದಲ್ಲೆಲ್ಲಾ ಎಲ್ಲಿಯಾಕಿ, ಎಲ್ಲಿಯಾಕಿ ಅಂತ ಕೇಳ್ಯಾರ್ರಿ ನನ್ನ ಮಗಳಿಗಿ," ಎಂದಳು. "ಹುಟ್ಟಿದಾಗಿಂದ ಇಲ್ಲೇ ಕುಂತಾಳ ನೋಡ್ರಿ."

ಅವಳಾಗಿಯೇ ಬೆರಳು ಎತ್ತುವ ತನಕ ನಾನು ರಿಜಿಸ್ಟರು ಮುಚ್ಚಲಿಲ್ಲ.